ಸಣ್ಣ ಕಚೇರಿಗೆ ನ್ಯಾಸ್: ಕಾಸರಗೋಡಿನ ಮಳೆ, ಸಿಡಿಲು, ಕರೆಂಟಿನ ನಡುವೆ ಫೈಲು ಉಳಿಸಿಕೊಳ್ಳುವ ಕ್ರಮ

ಬದಿಯಡ್ಕದ ಡಿಟಿಪಿ ಅಂಗಡಿ, ಉಪ್ಪಳದ ಫೋಟೊ ಸ್ಟುಡಿಯೊ, ಕುಂಬಳೆಯ ಅಡಿಕೆ ವ್ಯಾಪಾರಿ, ಕಾಸರಗೋಡು ಪೇಟೆಯ ಟ್ಯಾಕ್ಸ್ ಕನ್ಸಲ್ಟೆಂಟ್. ಕೆಲಸ ಬೇರೆ ಬೇರೆಯಾದರೂ ಫೈಲು ಇಡುವ ರೀತಿ ಹೆಚ್ಚುಕಡಿಮೆ ಒಂದೇ. ಸ್ವಲ್ಪ ಕೌಂಟರಿನ ಕಂಪ್ಯೂಟರಿನ ಡಿ ಡ್ರೈವಿನಲ್ಲಿ, ಸ್ವಲ್ಪ ಕೆಲಸದವರ ಲ್ಯಾಪ್‌ಟಾಪಿನಲ್ಲಿ, ಉಳಿದದ್ದು ಪೆನ್‌ಡ್ರೈವು ಮತ್ತು ವಾಟ್ಸಾಪಿನಲ್ಲಿ. ಇದನ್ನೆಲ್ಲ ಒಂದೆಡೆ ತರಲು ನ್ಯಾಸ್ ಒಳ್ಳೆಯ ದಾರಿ. ಒಳಗೆ ಎರಡೋ ನಾಲ್ಕೋ ಹಾರ್ಡ್ ಡಿಸ್ಕ್ ಇಟ್ಟುಕೊಂಡು, ನೆಟ್‌ವರ್ಕ್ ಕೇಬಲಿನ ಮೂಲಕ ಎಲ್ಲ ಕಂಪ್ಯೂಟರುಗಳಿಗೂ ಸಿಗುವ ಪುಟ್ಟ ಸರ್ವರ್ ಅದು.

ಆದರೆ ನ್ಯಾಸ್ ಕೊಂಡ ಮಾತ್ರಕ್ಕೆ ಡೇಟಾ ಸುರಕ್ಷಿತವಾಗುವುದಿಲ್ಲ. ಎರಡು ಡಿಸ್ಕಿನಲ್ಲಿ ಒಂದೇ ಮಾಹಿತಿ ಬರೆಯುವ ರೇಡ್ 1 ವ್ಯವಸ್ಥೆ ಡಿಸ್ಕ್ ಕೆಟ್ಟಾಗ ಕೆಲಸ ನಿಲ್ಲದಂತೆ ನೋಡಿಕೊಳ್ಳುತ್ತದೆ, ಅಷ್ಟೆ. ಯಾರಾದರೂ ಫೋಲ್ಡರ್ ಅಳಿಸಿದರೆ ಎರಡೂ ಡಿಸ್ಕಿನಿಂದ ಒಟ್ಟಿಗೇ ಹೋಗುತ್ತದೆ. ರ‍್ಯಾನ್ಸಮ್‌ವೇರ್ ಎಂಬ, ಫೈಲಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್ ಬಂದರೆ ಎರಡರಲ್ಲೂ ಬೀಗ ಬೀಳುತ್ತದೆ. ಸಿಡಿಲು ಹೊಡೆದರೆ ಪೆಟ್ಟಿಗೆಯ ಜೊತೆ ಎರಡೂ ಸುಟ್ಟುಹೋಗಬಹುದು. ಹಾಗಾಗಿ ಇರುವ ಹಣವನ್ನೆಲ್ಲ ದೊಡ್ಡ ನ್ಯಾಸಿಗೆ ಸುರಿಯುವುದಕ್ಕಿಂತ ಚಿಕ್ಕ ನ್ಯಾಸ್, ಎರಡು ಯುಎಸ್‌ಬಿ ಡಿಸ್ಕ್, ಒಂದು ಯುಪಿಎಸ್ ಎಂದು ಹಂಚುವುದು ಸರಿ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ ಎಂಬ 3-2-1 ಸೂತ್ರವನ್ನು ಈ ಬಜೆಟ್ಟಿನಲ್ಲೇ ಪಾಲಿಸಬಹುದು.

ಮೊದಲು ಎಷ್ಟು ಜಾಗ ಬೇಕೆಂದು ಲೆಕ್ಕ ಹಾಕಿ

ಎಲ್ಲ ಕಂಪ್ಯೂಟರುಗಳಲ್ಲಿ ಕೆಲಸದ ಫೋಲ್ಡರಿನ ಪ್ರಾಪರ್ಟೀಸ್ ನೋಡಿ ಒಟ್ಟು ಗಾತ್ರ ಬರೆದುಕೊಳ್ಳಿ. ವರ್ಷಕ್ಕೆ ಎಷ್ಟು ಹೆಚ್ಚುತ್ತದೆ ಎಂಬುದನ್ನೂ ಅಂದಾಜು ಮಾಡಿ. ಲೆಕ್ಕಪತ್ರದ ಕಚೇರಿಗಳಿಗೆ ಹೆಚ್ಚು ಜಾಗ ಬೇಡ. ಹತ್ತಾರು ಗ್ರಾಹಕರ ಟ್ಯಾಲಿ ಡೇಟಾ, ಸ್ಕ್ಯಾನ್ ಪ್ರತಿಗಳು ಸೇರಿದರೂ ಹಲವೆಡೆ 1 ಟಿಬಿ ದಾಟುವುದಿಲ್ಲ. ಆದರೆ ಅವನ್ನು ಬಹಳ ಕಾಲ ಉಳಿಸಬೇಕು. ಜಿಎಸ್‌ಟಿ ಕಾನೂನಿನ ಪ್ರಕಾರ ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಲು ಇರುವ ಕೊನೆಯ ದಿನದಿಂದ 72 ತಿಂಗಳು, ಕಂಪೆನಿಯಾಗಿ ನೋಂದಣಿಯಾಗಿದ್ದರೆ ಕಂಪೆನಿ ಕಾಯಿದೆಯಂತೆ 8 ವರ್ಷ.

ಸ್ಟುಡಿಯೊಗಳ ಲೆಕ್ಕವೇ ಬೇರೆ. ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ 4ಕೆ ವಿಡಿಯೊ ತೆಗೆದರೆ ಗಂಟೆಗೆ 45 ಜಿಬಿ. ಒಂದು ಮದುವೆಯಲ್ಲಿ ನಾಲ್ಕು ಗಂಟೆಯ ಫೂಟೇಜು 180 ಜಿಬಿ ಆಗುತ್ತದೆ. ಅದರ ಮೇಲೆ 30 ಎಂಬಿಯ 2000 ರಾ (ಕ್ಯಾಮೆರಾದ ಕಚ್ಚಾ ರೂಪದ) ಫೋಟೊಗಳು 60 ಜಿಬಿ. ವರ್ಷಕ್ಕೆ ಮೂವತ್ತು ಮದುವೆ ಹಿಡಿದರೆ 7 ಟಿಬಿ ದಾಟುತ್ತದೆ. ಇಷ್ಟನ್ನೂ ಶಾಶ್ವತವಾಗಿ ಇಡುವ ಬದಲು, ಆಲ್ಬಮ್ ಕೊಟ್ಟು ಆರು ತಿಂಗಳಾದ ಮೇಲೆ ಕಚ್ಚಾ ವಿಡಿಯೊ ಅಳಿಸುತ್ತೇವೆ ಎಂದು ಬುಕಿಂಗ್ ರಸೀದಿಯಲ್ಲೇ ಬರೆಯುವುದು ವಾಸಿ.

4 ಟಿಬಿ ಎಂದು ಮಾರುವ ಡಿಸ್ಕನ್ನು ವಿಂಡೋಸ್ 3.63 ಟಿಬಿ ಎಂದು ತೋರಿಸುತ್ತದೆ. ಎಣಿಕೆಯ ಪದ್ಧತಿ ಬೇರೆಯಾದ್ದರಿಂದ ಹಾಗೆ, ಮೋಸವಲ್ಲ. ರೇಡ್ 1ರಲ್ಲಿ ಎರಡು 4 ಟಿಬಿ ಡಿಸ್ಕ್ ಹಾಕಿದರೆ ಸಿಗುವುದು ಒಂದರಷ್ಟು ಜಾಗ ಮಾತ್ರ. ಐದನೆಯ ಒಂದು ಭಾಗ ಖಾಲಿ ಉಳಿಯುವಂತೆ ಗಾತ್ರ ಆರಿಸಿ, ಏಕೆಂದರೆ ಸ್ನ್ಯಾಪ್‌ಶಾಟಿಗೂ (ಫೈಲುಗಳು ಆ ಹೊತ್ತಿಗೆ ಹೇಗಿದ್ದವೋ ಹಾಗೆ ಹಿಡಿದಿಟ್ಟು, ಬೇಕಾದಾಗ ಅಲ್ಲಿಗೆ ಮರಳಲು ಬಿಡುವ ವ್ಯವಸ್ಥೆ) ಜಾಗ ಬೇಕು.

ಪೆಟ್ಟಿಗೆ ಮತ್ತು ಡಿಸ್ಕ್

ಐದಾರು ಕಂಪ್ಯೂಟರಿನ ಕಚೇರಿಗೆ ಎರಡು ಡಿಸ್ಕಿನ ಸಿನಾಲಜಿ ಅಥವಾ ಕ್ಯೂನ್ಯಾಪ್ ಕಂಪೆನಿಯ ನ್ಯಾಸ್ ಸಾಕು. ವಿಡಿಯೊ ಕೆಲಸಕ್ಕೆ ನಾಲ್ಕು ಡಿಸ್ಕಿನದು ಬೇಕಾಗುತ್ತದೆ. ಕೊಳ್ಳುವ ಮುಂಚೆ ಆ ಮಾದರಿಯಲ್ಲಿ ಸ್ನ್ಯಾಪ್‌ಶಾಟ್ ಸೌಲಭ್ಯ ಇದೆಯೇ ಎಂದು ಕಂಪೆನಿಯ ಜಾಲತಾಣದಲ್ಲೇ ನೋಡಿ. ತೀರಾ ಅಗ್ಗದ ಮಾದರಿಗಳಲ್ಲಿ ಇದು ಇಲ್ಲದಿರಬಹುದು, ಇದಿಲ್ಲದಿದ್ದರೆ ನ್ಯಾಸಿನ ಅರ್ಧ ಪ್ರಯೋಜನವೇ ಇಲ್ಲ. ಹಳೆಯ ಕಂಪ್ಯೂಟರಿಗೆ ಟ್ರೂನ್ಯಾಸ್ ಎಂಬ ತಂತ್ರಾಂಶ ಹಾಕಿ ಅದನ್ನೇ ನ್ಯಾಸ್ ಮಾಡಿಕೊಂಡೂ ಕೆಲಸ ಸಾಗುತ್ತದೆ. ಕನಿಷ್ಠ 8 ಜಿಬಿ ರ‍್ಯಾಮ್ ಮತ್ತು ಸಿಸ್ಟಮಿಗೇ ಪ್ರತ್ಯೇಕ ಡಿಸ್ಕ್ ಬೇಕು. ಕಚೇರಿಯಲ್ಲಿ ಅದನ್ನು ನಿತ್ಯ ನೋಡಿಕೊಳ್ಳಬಲ್ಲವರು ಇದ್ದರೆ ಮಾತ್ರ ಆ ದಾರಿ ಹಿಡಿಯಿರಿ.

ಡಿಸ್ಕ್ ಆರಿಸುವಾಗ ಅವಸರ ಬೇಡ. ಪಟ್ಟಿಗಳನ್ನು ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಬರೆಯುವ ಎಸ್‌ಎಂಆರ್ ಡಿಸ್ಕುಗಳಲ್ಲಿ ಸ್ವಲ್ಪ ಬದಲಿಸಬೇಕಾದರೂ ಅಕ್ಕಪಕ್ಕದ್ದನ್ನೆಲ್ಲ ಮತ್ತೆ ಬರೆಯಬೇಕಾಗುತ್ತದೆ. ದಿನಬಳಕೆಯಲ್ಲಿ ಇದು ಗೊತ್ತಾಗುವುದಿಲ್ಲ. ಡಿಸ್ಕ್ ಕೆಟ್ಟು ಹೊಸದಕ್ಕೆ ಎಲ್ಲವನ್ನೂ ಮರುಬರೆಯುವಾಗ ವೇಗ ಕುಸಿಯುತ್ತದೆ, ಕೆಲವೊಮ್ಮೆ ಕಾದು ಕಾದು ನ್ಯಾಸ್ ಆ ಡಿಸ್ಕನ್ನೇ ಕೆಟ್ಟದ್ದೆಂದು ಹೊರಹಾಕುತ್ತದೆ. ನ್ಯಾಸಿಗೆಂದೇ ಮಾರುತ್ತಿದ್ದ 2ರಿಂದ 6 ಟಿಬಿಯ ಕೆಲವು ರೆಡ್ ಡಿಸ್ಕುಗಳು ಎಸ್‌ಎಂಆರ್ ಎಂದು ವೆಸ್ಟರ್ನ್ ಡಿಜಿಟಲ್ 2020ರಲ್ಲಿ ಒಪ್ಪಿಕೊಂಡಿತು. ಆಮೇಲೆ ಪಟ್ಟಿಗಳು ಒಂದರ ಮೇಲೊಂದು ಬಾರದ ಸಿಎಂಆರ್ ಬಗೆಯವಕ್ಕೆ ರೆಡ್ ಪ್ಲಸ್ ಎಂದು ಹೆಸರಿಟ್ಟಿತು. ಆದ್ದರಿಂದ ರೆಡ್ ಪ್ಲಸ್ ಅಥವಾ ಸೀಗೇಟಿನ ಐರನ್‌ವುಲ್ಫ್ ಕೇಳಿ. ಮಾಮೂಲಿ ಡೆಸ್ಕ್‌ಟಾಪ್ ಡಿಸ್ಕ್ ಬೇಡ: ಓದಲಾಗದ ಜಾಗ ಸಿಕ್ಕಿದರೆ ಅದು ಬಹಳ ಹೊತ್ತು ಪ್ರಯತ್ನಿಸುತ್ತಲೇ ಇರುತ್ತದೆ, ನ್ಯಾಸ್ ಡಿಸ್ಕ್ ಸುಮಾರು 7 ಸೆಕೆಂಡಿಗೆ ಬಿಟ್ಟು, ಇನ್ನೊಂದು ಡಿಸ್ಕಿನಿಂದ ಓದಲು ದಾರಿ ಮಾಡಿಕೊಡುತ್ತದೆ.

ಎರಡು ಡಿಸ್ಕನ್ನೂ ಒಂದೇ ಅಂಗಡಿಯಿಂದ ಒಂದೇ ದಿನ ತಂದರೆ ಒಂದೇ ಬ್ಯಾಚಿನವು ಸಿಗುವ ಸಂಭವ ಹೆಚ್ಚು, ಒಂದೇ ದೋಷ ಎರಡರಲ್ಲೂ ಇರಬಹುದು. ಒಂದನ್ನು ಕಾಸರಗೋಡಿನಲ್ಲಿ, ಇನ್ನೊಂದನ್ನು ಮಂಗಳೂರಿನಲ್ಲಿ ಕೊಳ್ಳುವುದು ನಮಗೆ ಸುಲಭ. ದುಡ್ಡು ಕೊಡುವ ಮುಂಚೆ ಡಿಸ್ಕಿನ ಸೀರಿಯಲ್ ನಂಬರನ್ನು ತಯಾರಕರ ವಾರಂಟಿ ಪುಟದಲ್ಲಿ ಹಾಕಿ ನೋಡಿ. ಭಾರತದಲ್ಲಿ ವಾರಂಟಿ ಇಲ್ಲದ ಆಮದು ಡಿಸ್ಕುಗಳೂ ಮಾರುಕಟ್ಟೆಯಲ್ಲಿವೆ.

ಎಲ್ಲಿಡಬೇಕು, ಕರೆಂಟು ಹೇಗೆ

ನೆಲದ ಮೇಲೆ ಬೇಡ, ಕಿಟಕಿಯ ಪಕ್ಕ ಬೇಡ. ಮಳೆಗಾಲದಲ್ಲಿ ಒಸರುವ ಗೋಡೆಗೆ ತಾಗಿಸಿ ಇಡಬೇಡಿ. ಹಿಂದಿನ ಫ್ಯಾನಿಗೆ ಕನಿಷ್ಠ ಅರ್ಧ ಅಡಿ ಗಾಳಿಯಾಡುವ ಜಾಗ ಬಿಡಿ. ಮುಚ್ಚಿದ ಕಪಾಟಿನಲ್ಲಿ ಇಟ್ಟರೆ ಏಪ್ರಿಲಿನ ಸೆಕೆಗೆ ಡಿಸ್ಕಿನ ಶಾಖ ಏರುತ್ತದೆ. 45 ಡಿಗ್ರಿ ದಾಟದಂತೆ ನೋಡಿಕೊಳ್ಳಿ. ಇರುವೆಗಳು ಬೆಚ್ಚಗಿನ ಅಡಾಪ್ಟರಿನೊಳಗೆ ಗೂಡು ಕಟ್ಟುವುದು ನಮ್ಮಲ್ಲಿ ಸಾಮಾನ್ಯ, ತಿಂಗಳಿಗೊಮ್ಮೆ ಕಣ್ಣು ಹಾಯಿಸಿ.

ಮಳೆಗಾಲದಲ್ಲಿ ತೆಂಗಿನ ಮಡಲೋ ಅಡಿಕೆ ಸೋಗೆಯೋ ಲೈನಿನ ಮೇಲೆ ಬಿದ್ದರೆ ಕರೆಂಟು ಒಮ್ಮೆ ಹೋಗಿ ಸುಮ್ಮನಿರುವುದಿಲ್ಲ, ಹೋಗಿ ಬಂದು ಹೋಗಿ ಬರುತ್ತದೆ. ಬರೆಯುತ್ತಿರುವ ಡಿಸ್ಕಿಗೆ ಇದೇ ಹೆಚ್ಚು ಅಪಾಯ. ಮನೆ ಇನ್ವರ್ಟರ್ ಇದ್ದರೂ ನ್ಯಾಸಿಗೆ ಬೇರೆ ಯುಪಿಎಸ್ ಬೇಕು, ಎರಡು ಕಾರಣಕ್ಕೆ. ಇನ್ವರ್ಟರ್ ಬದಲಾಗುವ ಕ್ಷಣದ ಅಂತರದಲ್ಲಿ ನ್ಯಾಸ್ ಆರಿ ಹೋಗಬಹುದು; ಮತ್ತು ಬ್ಯಾಟರಿ ಮುಗಿಯುತ್ತಿದೆ ಎಂದು ಮನೆ ಇನ್ವರ್ಟರ್ ನ್ಯಾಸಿಗೆ ಹೇಳುವುದಿಲ್ಲ. ಯುಎಸ್‌ಬಿ ಪೋರ್ಟ್ ಇರುವ 600 ವಿಎ ಲೈನ್ ಇಂಟರಾಕ್ಟಿವ್ ಯುಪಿಎಸ್ ಎರಡು ಡಿಸ್ಕಿನ ನ್ಯಾಸಿಗೆ ಧಾರಾಳ. ಮಾದರಿ ನ್ಯಾಸ್ ಕಂಪೆನಿಯ ಹೊಂದಾಣಿಕೆ ಪಟ್ಟಿಯಲ್ಲಿ ಇರಬೇಕು. ಯುಎಸ್‌ಬಿ ಕೇಬಲ್ ನ್ಯಾಸಿಗೆ ಜೋಡಿಸಿ, ಕರೆಂಟು ಹೋಗಿ 5 ನಿಮಿಷವಾದರೆ ತಾನೇ ಸರಿಯಾಗಿ ಆಫ್ ಆಗುವಂತೆ ಸೆಟ್ ಮಾಡಿ. ಮೂರು ತಿಂಗಳಿಗೊಮ್ಮೆ ಯುಪಿಎಸ್‌ನ ಪ್ಲಗ್ ಕಿತ್ತು ನಿಜವಾಗಿಯೂ ಆಫ್ ಆಗುತ್ತದೆಯೇ ಎಂದು ನೋಡಿ. ಬ್ಯಾಟರಿ ನಮ್ಮ ಸೆಕೆಯಲ್ಲಿ ಎರಡು ಮೂರು ವರ್ಷಕ್ಕಿಂತ ಹೆಚ್ಚು ಬಾಳುವುದು ಕಡಿಮೆ.

ಸಿಡಿಲಿಗೆ ಯುಪಿಎಸ್ ಉತ್ತರವಲ್ಲ. ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರಿನ ಸಂಜೆಗಳಲ್ಲಿ ಹೊಡೆತ ಕರೆಂಟಿನ ತಂತಿಯಿಂದಷ್ಟೇ ಅಲ್ಲ, ಹಳೆಯ ಟೆಲಿಫೋನ್ ತಾಮ್ರದ ಲೈನಿನಿಂದ, ಕೇಬಲ್ ಟಿವಿ ತಂತಿಯಿಂದ, ಒಂದು ಕಟ್ಟಡದಿಂದ ಇನ್ನೊಂದಕ್ಕೆ ಎಳೆದ ನೆಟ್‌ವರ್ಕ್ ಕೇಬಲಿನಿಂದಲೂ ಬರುತ್ತದೆ. ಎದುರಿನ ಗೋದಾಮಿಗೆ ನೆಟ್‌ವರ್ಕ್ ಬೇಕಾದರೆ ತಾಮ್ರದ ಕೇಬಲ್ ಎಳೆಯದೆ, ಎರಡು ಮೀಡಿಯಾ ಕನ್ವರ್ಟರ್ ಹಾಕಿ ಫೈಬರ್ ಎಳೆಯಿರಿ. ಲೋಹದ ತಂತಿ ಇಲ್ಲದ ಫೈಬರಿನಲ್ಲಿ ಮಿಂಚಿನ ಪ್ರವಾಹ ಹರಿಯದು. ಗುಡುಗಿನ ಮೋಡ ಕಟ್ಟಿದರೆ, ಗುಡುಗು ಶುರುವಾಗುವ ಮುಂಚೆಯೇ ನ್ಯಾಸನ್ನು ಶಟ್‌ಡೌನ್ ಮಾಡಿ, ಪ್ಲಗ್ ಮತ್ತು ನೆಟ್‌ವರ್ಕ್ ಕೇಬಲ್ ಎರಡನ್ನೂ ಕಿತ್ತಿಡಿ. ಅರ್ತಿಂಗ್ ಬಗ್ಗೆಯೂ ಗಮನ ಬೇಕು: ಮುರಕಲ್ಲಿನ ಗುಡ್ಡದ ಮೇಲಿನ ಕಟ್ಟಡಗಳಲ್ಲಿ ಬೇಸಿಗೆಗೆ ಅರ್ತ್ ಗುಂಡಿ ಒಣಗಿರುತ್ತದೆ. ಎಲೆಕ್ಟ್ರಿಷಿಯನ್ ಬಳಿ ನ್ಯೂಟ್ರಲ್ ಮತ್ತು ಅರ್ತ್ ನಡುವಿನ ವೋಲ್ಟೇಜ್ ಅಳೆಯಿಸಿ. ಮೂರು ವೋಲ್ಟ್ ಮೀರಿದರೆ ಕಾರಣ ಹುಡುಕಿಸಿ.

ಕೇಬಲ್

ನ್ಯಾಸನ್ನು ವೈಫೈಗೆ ಅಲ್ಲ, ಗಿಗಾಬಿಟ್ ಸ್ವಿಚ್ಚಿಗೆ ಜೋಡಿಸಿ. ಕೇಬಲ್ ಕ್ಯಾಟ್6 ಆಗಿರಲಿ, ಅದೂ ಪೂರ್ತಿ ತಾಮ್ರದ್ದು. ತಾಮ್ರ ಲೇಪಿಸಿದ ಅಲ್ಯುಮಿನಿಯಂ ಕೇಬಲ್ ಅಗ್ಗಕ್ಕೆ ಸಿಗುತ್ತದೆ, ಒಂದೆರಡು ಮಳೆಗಾಲ ಕಳೆದರೆ ತುದಿಗಳಲ್ಲಿ ತೊಂದರೆ ಕೊಡುತ್ತದೆ.

ಸರಿಯಾಗಿದ್ದರೆ ದೊಡ್ಡ ಫೈಲು ಸೆಕೆಂಡಿಗೆ ಸುಮಾರು 110 ಎಂಬಿ ವೇಗದಲ್ಲಿ ಕಾಪಿಯಾಗುತ್ತದೆ. 11 ಎಂಬಿಯಲ್ಲೇ ನಿಂತರೆ ಲಿಂಕ್ 100 ಮೆಗಾಬಿಟ್ಟಿಗೆ ಇಳಿದಿದೆ ಎಂದರ್ಥ. ಗಿಗಾಬಿಟ್ಟಿಗೆ ಕೇಬಲಿನ ಎಂಟೂ ಎಳೆ ಬೇಕು, 100ಕ್ಕೆ ನಾಲ್ಕು ಸಾಕು. ಹಾಗಾಗಿ ಉಳಿದ ನಾಲ್ಕರಲ್ಲಿ ಒಂದು ಎಳೆಯ ಕ್ರಿಂಪ್ ಸಡಿಲವಾದರೂ ನೆಟ್‌ವರ್ಕ್ ನಡೆಯುತ್ತಲೇ ಇರುತ್ತದೆ, ನಿಧಾನವಾಗಿ. ನ್ಯಾಸನ್ನು ದೂರುವ ಮುಂಚೆ ಕನೆಕ್ಟರ್ ಬದಲಿಸಿ ನೋಡಿ.

ಸೆಟಪ್, ಈ ಕ್ರಮದಲ್ಲಿ

1. ಡಿಸ್ಕ್ ಹಾಕುವ ಮುಂಚೆ ಪ್ರತಿಯೊಂದರ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರಗಳನ್ನು ಟ್ರೇಯ ಮೇಲೆ ಅಂಟಿಸಿ. ಮುಂದೆ ಕೆಟ್ಟದ್ದು ಯಾವುದೆಂದು ಗುರುತಿಸಲು ಇದೇ ಆಧಾರ.

2. ರೇಡ್ 1 ಆರಿಸಿ, ಫೈಲ್ ಸಿಸ್ಟಮ್ ಬಿಟಿಆರ್‌ಎಫ್‌ಎಸ್ ಅಥವಾ ಝಡ್‌ಎಫ್‌ಎಸ್ ಆಗಿರಲಿ. ಆಮೇಲೆ ಡಿಸ್ಕ್ ತನ್ನನ್ನು ತಾನೇ ತಪಾಸಣೆ ಮಾಡಿಕೊಳ್ಳುವ ಎಕ್ಸ್‌ಟೆಂಡೆಡ್ ಸ್ಮಾರ್ಟ್ ಪರೀಕ್ಷೆ ನಡೆಸಿ, ಅದು ಮುಗಿಯುವ ತನಕ ಡೇಟಾ ತುಂಬಬೇಡಿ.

3. ರೂಟರಿನಲ್ಲಿ ನ್ಯಾಸಿಗೆ ಬದಲಾಗದ ವಿಳಾಸ ಕೊಡಿ, ಉದಾಹರಣೆಗೆ 192.168.1.50. ವಿಳಾಸ ಬದಲಾದರೆ ಒಂದು ಬೆಳಿಗ್ಗೆ ಎಲ್ಲ ಕಂಪ್ಯೂಟರಿನಲ್ಲೂ ಡ್ರೈವ್ ಕಾಣೆಯಾಗುತ್ತದೆ.

4. ಅಡ್ಮಿನ್ ಎಂಬ ಹೆಸರಿನ ಖಾತೆ ನಿಲ್ಲಿಸಿ, ಬೇರೆ ಹೆಸರಿನಲ್ಲಿ ಮೇಲ್ವಿಚಾರಕರ ಖಾತೆ ಮಾಡಿ, ಎರಡು ಹಂತದ ಲಾಗಿನ್ ಹಾಕಿ. ಈ ಪಾಸ್‌ವರ್ಡನ್ನು ಕಚೇರಿಯ ಬ್ರೌಸರಿನಲ್ಲಿ ಉಳಿಸಬಾರದು. ಪ್ರತಿಯೊಬ್ಬ ಕೆಲಸಗಾರನಿಗೂ ಪ್ರತ್ಯೇಕ ಖಾತೆ ಇರಲಿ, ಬೇಕಾದ ಫೋಲ್ಡರಿಗೆ ಮಾತ್ರ ಅನುಮತಿ.

5. ಸ್ನ್ಯಾಪ್‌ಶಾಟ್: ಕೆಲಸದ ಹೊತ್ತಿನಲ್ಲಿ ಗಂಟೆಗೊಂದು, 24 ಉಳಿಸಿ, ದಿನಕ್ಕೊಂದು, 30 ಉಳಿಸಿ, ವಾರಕ್ಕೊಂದು, 12 ಉಳಿಸಿ. ಬದಲಾದ ಭಾಗಕ್ಕಷ್ಟೇ ಜಾಗ ಹಿಡಿಯುವುದರಿಂದ ಸಂಖ್ಯೆ ನೋಡಿ ಹೆದರಬೇಕಿಲ್ಲ. ಅವಧಿ ಮುಗಿಯುವ ತನಕ ಯಾರೂ ಅಳಿಸಲಾಗದ ಸ್ನ್ಯಾಪ್‌ಶಾಟ್ ನಿಮ್ಮ ಮಾದರಿಯಲ್ಲಿದ್ದರೆ ಏಳು ದಿನಕ್ಕೆ ಹಾಕಿ.

6. ಎಚ್ಚರಿಕೆಯ ಸಂದೇಶ ನಿಮ್ಮ ಮೊಬೈಲಿನ ಇಮೇಲಿಗೆ ಬರುವಂತೆ ಮಾಡಿ, ಪರೀಕ್ಷಾ ಸಂದೇಶ ಕಳುಹಿಸಿ ನೋಡಿ. ಡಿಸ್ಕ್ ಕೆಟ್ಟ ಸುದ್ದಿ ಯಾರಿಗೂ ತಲುಪದೆ, ತಿಂಗಳುಗಟ್ಟಲೆ ಒಂದೇ ಡಿಸ್ಕಿನಲ್ಲಿ ಓಡಿ, ಎರಡನೆಯದೂ ಹೋದಾಗ ಗೊತ್ತಾಗುವುದು ಡೇಟಾ ಕಳೆದುಕೊಳ್ಳುವ ಸಾಮಾನ್ಯ ದಾರಿ.

ಡಿಟಿಪಿ ಅಂಗಡಿಗಳಿಗೆ ಮುಖ್ಯವಾದ ಕೆಲವು ವಿಷಯ

ನ್ಯಾಸ್ ಕುರಿತ ಮಾಮೂಲಿ ಸೂಚನೆಗಳಲ್ಲಿ ಇವು ಸಿಗುವುದಿಲ್ಲ. ಕನ್ನಡ ಮತ್ತು ಮಲಯಾಳ ಎರಡರಲ್ಲೂ ಕೆಲಸ ಮಾಡುವ ನಮ್ಮ ಜಿಲ್ಲೆಯ ಅಂಗಡಿಗಳಿಗೆ ಇವೇ ಮೊದಲು ಕಾಡುವುದು.

ಫೈಲಿನ ಹೆಸರಿನಲ್ಲಿ ಯುನಿಕೋಡಿನ ಪ್ರತಿ ಕನ್ನಡ ಚಿಹ್ನೆಯೂ ನ್ಯಾಸಿನಲ್ಲಿ ಮೂರು ಬೈಟ್ ಹಿಡಿಯುತ್ತದೆ. ‘ಬ್ರಹ್ಮಕಲಶೋತ್ಸವ’ ಕಣ್ಣಿಗೆ ಏಳೇ ಅಕ್ಷರ, ಒತ್ತು ಗುಣಿತ ಬಿಡಿಸಿದರೆ 14 ಚಿಹ್ನೆ, ಅಂದರೆ 42 ಬೈಟ್. ಸಾಮಾನ್ಯ ಫೋಲ್ಡರಿನಲ್ಲಿ ಫೈಲಿನ ಹೆಸರಿಗೆ 255 ಬೈಟ್ ಮಿತಿ, ಸಿನಾಲಜಿಯ ಎನ್‌ಕ್ರಿಪ್ಟ್ ಮಾಡಿದ ಹಂಚಿಕೆ ಫೋಲ್ಡರಿನಲ್ಲಿ 143. ದೇವಸ್ಥಾನದ ಹೆಸರು, ಊರು, ಕಾರ್ಯಕ್ರಮ, ದಿನಾಂಕ ಎಲ್ಲವನ್ನೂ ಫೈಲಿನ ಹೆಸರಿಗೆ ತುಂಬಿಸಿದರೆ ಕಾಪಿ ಅರ್ಧದಲ್ಲಿ ನಿಂತು, ಹೆಸರು ಉದ್ದವಾಯಿತೆಂಬ ದೋಷ ಬರುತ್ತದೆ. ವರ್ಷ ಮತ್ತು ಊರು ಫೋಲ್ಡರಿನ ಹೆಸರಾಗಲಿ, ಫೈಲಿನದು ಚಿಕ್ಕದಿರಲಿ.

ನುಡಿ, ಬರಹ, ಶ್ರೀಲಿಪಿಯ ಯುನಿಕೋಡ್ ಅಲ್ಲದ ಹಳೆಯ ಆಸ್ಕಿ ಫಾಂಟಿನಲ್ಲೂ ಮಲಯಾಳದ ಎಂಎಲ್-ಟಿಟಿ ಫಾಂಟಿನಲ್ಲೂ ಮಾಡಿದ ಆಮಂತ್ರಣ ಪತ್ರಿಕೆಗಳು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆದುಕೊಳ್ಳುತ್ತವೆ. ಡೇಟಾ ಉಳಿದರೂ ಕೆಲಸ ಉಳಿಯಲಿಲ್ಲ. ಫಾಂಟುಗಳನ್ನೂ ತಂತ್ರಾಂಶದ ಇನ್‌ಸ್ಟಾಲರನ್ನೂ ಲೈಸೆನ್ಸ್ ಸಂಖ್ಯೆಯನ್ನೂ ಪ್ರತ್ಯೇಕ ಫೋಲ್ಡರಿನಲ್ಲಿಟ್ಟು ಬ್ಯಾಕಪ್ಪಿಗೆ ಸೇರಿಸಿ. ಮುಗಿದ ಪ್ರತಿ ಕೆಲಸಕ್ಕೂ ಫಾಂಟ್ ಒಳಗೊಂಡ ಪಿಡಿಎಫ್ ಒಂದನ್ನು ಜೊತೆಯಲ್ಲೇ ಉಳಿಸಿ.

ಪುಟ ವಿನ್ಯಾಸದ ಹಳೆಯ ತಂತ್ರಾಂಶ ಪೇಜ್‌ಮೇಕರಿಗಾಗಿ ವಿಂಡೋಸ್ ಎಕ್ಸ್‌ಪಿ ಇಟ್ಟುಕೊಂಡವರು ಇನ್ನೂ ಇದ್ದಾರೆ. ಎಕ್ಸ್‌ಪಿಗೆ ನೆಟ್‌ವರ್ಕಿನಲ್ಲಿ ಫೈಲು ಹಂಚಿಕೊಳ್ಳುವ ಕ್ರಮಗಳಲ್ಲಿ ಗೊತ್ತಿರುವುದು ಹಳೆಯದಾದ ಎಸ್‌ಎಂಬಿ 1 ಮಾತ್ರ. ಅದರ ಸಲುವಾಗಿ ನ್ಯಾಸಿನಲ್ಲಿ ಎಸ್‌ಎಂಬಿ 1 ತೆರೆಯಬೇಡಿ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಹರಡಿದ್ದು ವಿಂಡೋಸಿನ ಎಸ್‌ಎಂಬಿ 1ರಲ್ಲಿದ್ದ ದೋಷದ ಮೂಲಕವೇ. ಕನಿಷ್ಠ ಎಸ್‌ಎಂಬಿ 2 ಎಂದು ಸೆಟ್ ಮಾಡಿ, ಎಕ್ಸ್‌ಪಿ ಕಂಪ್ಯೂಟರನ್ನು ನೆಟ್‌ವರ್ಕಿನಿಂದಲೇ ತೆಗೆದು, ಅದರ ಫೈಲುಗಳನ್ನು ಪೆನ್‌ಡ್ರೈವಿನಲ್ಲಿ ಹೊಸ ಕಂಪ್ಯೂಟರಿಗೆ ತಂದು, ವೈರಸ್ ಪರೀಕ್ಷೆ ಮಾಡಿ ನ್ಯಾಸಿಗೆ ಹಾಕಿ.

ಟ್ಯಾಲಿ

ಟ್ಯಾಲಿ ತೆರೆದಿರುವಾಗ ಅದರ ಡೇಟಾ ಫೋಲ್ಡರನ್ನು ಸುಮ್ಮನೆ ಕಾಪಿ ಮಾಡಿದರೆ, ಅರ್ಧ ಬರೆದ ಸ್ಥಿತಿಯ ಫೈಲುಗಳು ಬರಬಹುದು. ಡೇಟಾ ಒಂದು ಕಂಪ್ಯೂಟರಿನ ಎಸ್‌ಎಸ್‌ಡಿಯಲ್ಲೇ ಇರಲಿ. ಸಂಜೆ ಎಲ್ಲರೂ ಟ್ಯಾಲಿ ಮುಚ್ಚಿದ ಮೇಲೆ ಅದರದೇ ಬ್ಯಾಕಪ್ ಆಯ್ಕೆಯಿಂದ ನ್ಯಾಸಿನ ಫೋಲ್ಡರಿಗೆ ಪ್ರತಿ ತೆಗೆಯಿರಿ, ವಾರದ ದಿನಕ್ಕೊಂದು ಫೋಲ್ಡರ್ ಮಾಡಿ. ಒಂದೇ ಫೋಲ್ಡರಿಗೆ ದಿನವೂ ತೆಗೆದರೆ ನಿನ್ನೆಯ ಒಳ್ಳೆಯ ಪ್ರತಿಯ ಮೇಲೆ ಇವತ್ತಿನ ಕೆಟ್ಟದ್ದು ಕೂರುತ್ತದೆ. ಕಂಪೆನಿಗಳಿಗೆ ಇಲ್ಲಿ ಕಾನೂನಿನ ಒತ್ತೂ ಇದೆ: 2022ರ ಆಗಸ್ಟಿನಲ್ಲಿ ತಿದ್ದಿದ ನಿಯಮದಂತೆ ವಿದ್ಯುನ್ಮಾನ ಲೆಕ್ಕಪುಸ್ತಕಗಳ ಬ್ಯಾಕಪ್ಪನ್ನು ಭಾರತದಲ್ಲಿರುವ ಸರ್ವರಿನಲ್ಲಿ ದಿನವೂ ಇಡಬೇಕು.

ಎರಡನೆಯ, ಮೂರನೆಯ ಪ್ರತಿ

ಎರಡು ಯುಎಸ್‌ಬಿ ಡಿಸ್ಕಿಗೆ ‘ಎ’, ‘ಬಿ’ ಎಂದು ಬರೆಯಿರಿ. ಈ ವಾರ ಎ ಕಚೇರಿಯಲ್ಲಿ, ಬಿ ಮನೆಯಲ್ಲಿ, ಶನಿವಾರ ಅದಲುಬದಲು. ಎರಡೂ ಒಂದೇ ಹೊತ್ತಿಗೆ ಕಚೇರಿಯಲ್ಲಿ ಇರಕೂಡದು: ಮನೆಯಿಂದ ತರುವ ಮುಂಚೆ ಕಚೇರಿಯದ್ದು ಮನೆಗೆ ಹೋಗಿರಬೇಕು. ಬ್ಯಾಕಪ್ ಮುಗಿದ ಮೇಲೆ ಇಜೆಕ್ಟ್ ಮಾಡಿ ಕೇಬಲ್ ಕೀಳಿ. ಚುಚ್ಚಿಕೊಂಡೇ ಇರುವ ಡಿಸ್ಕ್ ಸಿಡಿಲಿಗೂ ರ‍್ಯಾನ್ಸಮ್‌ವೇರಿಗೂ ನ್ಯಾಸಿನ ಜೊತೆಗೇ ಸಿಗುತ್ತದೆ. ಬ್ಯಾಕಪ್ಪಿಗೆ ಪಾಸ್‌ವರ್ಡ್ ಹಾಕಿ, ಅದನ್ನು ಕಾಗದದಲ್ಲಿ ಬರೆದು ಮನೆಯ ದಾಖಲೆಗಳ ಜೊತೆ ಇಡಿ.

ಕ್ಲೌಡ್ ಒಳ್ಳೆಯದೇ, ಆದರೆ ಅಪ್‌ಲೋಡ್ ವೇಗ ನೋಡಿ ನಿರ್ಧರಿಸಿ. 20 ಮೆಗಾಬಿಟ್ ಅಪ್‌ಲೋಡಿನಲ್ಲಿ 1 ಟಿಬಿ ಏರಲು ಬಿಡುವಿಲ್ಲದೆ ನಾಲ್ಕೂವರೆ ದಿನ ಬೇಕು. ಲೆಕ್ಕಪತ್ರ ಮತ್ತು ಈ ವರ್ಷದ ಕೆಲಸ ಮಾತ್ರ ಕ್ಲೌಡಿಗೆ, ಉಳಿದದ್ದು ಯುಎಸ್‌ಬಿಗೆ ಎಂದು ಹಂಚಿ. ಡ್ರೈವ್ ಸಿಂಕ್ ಎಂಬುದು ಬ್ಯಾಕಪ್ ಅಲ್ಲ. ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಹಳೆಯ ಆವೃತ್ತಿಗಳನ್ನು ಇಟ್ಟುಕೊಳ್ಳುವ ಬ್ಯಾಕಪ್ ತಂತ್ರಾಂಶದಿಂದಲೇ ಕಳುಹಿಸಿ.

ಹೊರಗಿನಿಂದ ನ್ಯಾಸ್ ನೋಡಬೇಕೆಂದು ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡುವುದು, ಅಂದರೆ ಇಂಟರ್ನೆಟ್ಟಿನಿಂದ ನ್ಯಾಸಿಗೆ ನೇರ ಬಾಗಿಲು ತೆರೆಯುವುದು, ದೊಡ್ಡ ತಪ್ಪು. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ರ‍್ಯಾನ್ಸಮ್‌ವೇರ್ ಇಂಟರ್ನೆಟ್ಟಿಗೆ ತೆರೆದಿಟ್ಟ ಕ್ಯೂನ್ಯಾಪ್ ನ್ಯಾಸುಗಳನ್ನೇ ಹುಡುಕಿ ಬೀಗ ಹಾಕಿತು. ಕೇಳದೆಯೇ ಇಂಥ ಬಾಗಿಲು ತೆರೆಯಬಲ್ಲ ರೂಟರಿನ ಯುಪಿಎನ್‌ಪಿ ಆಫ್ ಮಾಡಿ. ಮನೆಯಿಂದ ಫೈಲು ಬೇಕಾದರೆ ವೈರ್‌ಗಾರ್ಡ್ ಅಥವಾ ಟೇಲ್‌ಸ್ಕೇಲ್ ವಿಪಿಎನ್ (ಹೊರಗಿನವರು ಓದಲಾಗದ ಖಾಸಗಿ ಸಂಪರ್ಕ) ಬಳಸಿ.

ತಿರುಗಿ ತಂದು ನೋಡಿ

ತಿಂಗಳ ಮೊದಲ ಶನಿವಾರ ಕಾಲು ಗಂಟೆ ಇದಕ್ಕೆ ಮೀಸಲಿಡಿ. ಮನೆಯಿಂದ ಬಂದ ಯುಎಸ್‌ಬಿ ಡಿಸ್ಕನ್ನು ನ್ಯಾಸಿಗೆ ಅಲ್ಲ, ಒಂದು ಕಂಪ್ಯೂಟರಿಗೆ ಜೋಡಿಸಿ. ನ್ಯಾಸ್ ಸುಟ್ಟುಹೋದ ದಿನ ನಿಮ್ಮ ಬಳಿ ಇರುವುದು ಅದೇ ತಾನೇ. ಡಿಸ್ಕ್ ಲಿನಕ್ಸಿನ ಇಎಕ್ಸ್‌ಟಿ4 ರೂಪದಲ್ಲಿದ್ದರೆ ವಿಂಡೋಸ್ ಅದನ್ನು ಓದದೆ ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತದೆ, ಒಪ್ಪಬೇಡಿ. ಸಿನಾಲಜಿಯ ಹೈಪರ್ ಬ್ಯಾಕಪ್ ಬಳಸುವವರು ಅದರ ಎಕ್ಸ್‌ಪ್ಲೋರರ್ ತಂತ್ರಾಂಶವನ್ನು ಮೊದಲೇ ಹಾಕಿಕೊಂಡಿರಬೇಕು. ಮೂರು ತಿಂಗಳ ಹಿಂದಿನ ಒಂದು ವಿನ್ಯಾಸ ತೆರೆದು ಫಾಂಟ್ ಸರಿಯಿದೆಯೇ ನೋಡಿ. ಟ್ಯಾಲಿ ಪ್ರತಿಯನ್ನು ಬೇರೆಯೇ ಖಾಲಿ ಫೋಲ್ಡರಿಗೆ ರಿಸ್ಟೋರ್ ಮಾಡಿ, ನಗದು ಶಿಲ್ಕು ತಾಳೆಯಾಗುತ್ತದೆಯೇ ನೋಡಿ. ಮೂಲ ಡೇಟಾದ ಮೇಲೆ ರಿಸ್ಟೋರ್ ಮಾಡುವುದು ಬೇಡವೇ ಬೇಡ.

ಡಿಸ್ಕ್ ಕೆಟ್ಟಾಗ

ನ್ಯಾಸ್ ಬೀಪ್ ಎನ್ನತೊಡಗಿದರೆ ಡಿಸ್ಕ್ ಕೀಳಲು ಓಡಬೇಡಿ. ಮೊದಲು ಮನೆಯಲ್ಲಿರುವ ಯುಎಸ್‌ಬಿ ಪ್ರತಿ ಯಾವ ದಿನದ್ದೆಂದು ನೋಡಿ, ಕಚೇರಿಯಲ್ಲಿರುವುದಕ್ಕೆ ಇವತ್ತಿನ ಬ್ಯಾಕಪ್ ತೆಗೆಯಿರಿ. ಆಮೇಲೆ ಸ್ಮಾರ್ಟ್ ವಿವರ ತೆರೆಯಿರಿ. 5, 197, 198ನೇ ಸಾಲಿನ ಸಂಖ್ಯೆಗಳು ಏರುತ್ತಿದ್ದರೆ ಡಿಸ್ಕೇ ಹೋಗುತ್ತಿದೆ. 199 ಮಾತ್ರ ಏರುತ್ತಿದ್ದರೆ ತೊಂದರೆ ಕೇಬಲ್ ಅಥವಾ ಸಂಪರ್ಕದ್ದು, ಟ್ರೇ ಗಟ್ಟಿಯಾಗಿ ಕೂತಿದೆಯೇ ನೋಡಿ. ಬದಲಿಸಲೇಬೇಕಾದರೆ ಪರದೆಯ ಮೇಲಿನ ಸೀರಿಯಲ್ ನಂಬರನ್ನು ಟ್ರೇಯ ಚೀಟಿಯೊಂದಿಗೆ ಹೋಲಿಸಿ ತೆಗೆಯಿರಿ, ಅವಸರದಲ್ಲಿ ಒಳ್ಳೆಯ ಡಿಸ್ಕನ್ನೇ ಕಿತ್ತವರಿದ್ದಾರೆ. ಹೊಸ ಡಿಸ್ಕ್ ಹಳೆಯದರಷ್ಟೇ ಅಥವಾ ಹೆಚ್ಚಿನ ಗಾತ್ರದ್ದಾಗಿರಲಿ. 4 ಟಿಬಿ ಮರುಬರೆಯಲು ಏಳೆಂಟು ಗಂಟೆ ಬೇಕು, ಉಳಿದ ಒಂದೇ ಡಿಸ್ಕಿಗೆ ಆಗ ಬಿಡುವಿರುವುದಿಲ್ಲ. ಹಾಗಾಗಿ ಸಂಜೆ ಕಚೇರಿ ಮುಚ್ಚುವಾಗ ಶುರುಮಾಡಿ, ಗುಡುಗಿನ ಮೋಡ ಇಲ್ಲದ ದಿನ ನೋಡಿ.

ಎರಡೂ ಡಿಸ್ಕ್ ಒಟ್ಟಿಗೆ ಹೋದಂತೆ ಕಂಡರೆ ನ್ಯಾಸ್ ಆಫ್ ಮಾಡಿ. ರಿಪೇರ್, ಇನಿಷಿಯಲೈಸ್, ಫಾರ್ಮ್ಯಾಟ್ ಯಾವುದನ್ನೂ ಒತ್ತಬೇಡಿ. ಮನೆಯ ಯುಎಸ್‌ಬಿ ಪ್ರತಿಯಿಂದ ಒಂದು ಕಂಪ್ಯೂಟರಿಗೆ ಬೇಕಾದ್ದನ್ನು ಇಳಿಸಿಕೊಂಡು ಮರುದಿನದ ಕೆಲಸ ಶುರುಮಾಡಿ. ಆ ಪ್ರತಿಯಲ್ಲಿ ಇಲ್ಲದ ಫೈಲು ಬೇಕೇಬೇಕಾದರೆ ಮಾತ್ರ, ಡಿಸ್ಕುಗಳನ್ನು ಟ್ರೇ ಸಂಖ್ಯೆ ಬರೆದು, ತೆರೆಯದೆ, ಡೇಟಾ ರಿಕವರಿ ಮಾಡುವವರಿಗೆ ಕೊಡಿ.